ಅರ್ಧ ಗಂಟೇಲಿ ಆಗ್ಹೋಗುತ್ತೆ

ತಿರುಮಕೂಡಲು ನರಸೀಪುರದಲ್ಲಿ ಕುಂಭಮೇಳ ಶುರುವಾದದ್ದು 1989ರಲ್ಲಿ. ಮೂರು ವರ್ಷಕ್ಕೊಮ್ಮೆ ಎಂದು ಲೆಕ್ಕ. 2022ರದ್ದು ಕೊರೊನಾ ಪಾಲಾಯಿತು, 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಈ ಮೇಳಗಳ ಫೋಟೊ, ವಿಡಿಯೊ ಎಂದು ನಮ್ಮ ಬೀದಿಯವರ ಕೈಯಲ್ಲಿ ಏನೇನು ಉಳಿದಿತ್ತೋ ಅದೆಲ್ಲ ಈಗ ನನ್ನ ಕಂಪ್ಯೂಟರಿನಲ್ಲಿದೆ. ಇಟ್ಟುಕೋ ಎಂದು ಯಾರೂ ಹೇಳಿರಲಿಲ್ಲ. ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಸರ್ವೀಸು ಮುಗಿಸಿದವನಿಗೆ ಎಲ್ಲಿ ಕಾಗದ ಕಂಡರೂ ಪಂಚ್ ಹೊಡೆದು ಫೈಲಿಗೆ ಸೇರಿಸಬೇಕು ಅನ್ನಿಸುತ್ತದೆ. ನಿವೃತ್ತಿಯಾದ ಮೇಲೆ ಕಾಗದ ಸಿಗಲಿಲ್ಲ, ಪಕ್ಕದ ಮನೆಯವರ ಮೊಬೈಲು ಸಿಕ್ಕಿತು.

ಮೇಳದ ಜೊತೆಗೆ ತಲಕಾಡಿನ ಪಂಚಲಿಂಗ ದರ್ಶನವೂ ಸೇರಿತು, 2013ರದ್ದು, 2020ರದ್ದು. ಕಪಿಲೆ ಉಕ್ಕಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ್ದರ ವಿಡಿಯೊ, ಗುಂಜಾ ನರಸಿಂಹಸ್ವಾಮಿಯ ತೇರು, ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಇಳಿಸಿದ ಮದುವೆಗಳು, ಆ ಮದುವೆಗಳಲ್ಲಿ ಊಟದ ಪಂಕ್ತಿಯನ್ನೇ ಮುಕ್ಕಾಲು ಗಂಟೆ ತೋರಿಸುವ ಭಾಗ, ಎಲ್ಲವೂ ಇದ್ದವು. ಒಟ್ಟು 800 ಜಿಬಿ. ಗುಂಜಾ ನರಸಿಂಹ ಕೈಯಲ್ಲಿ ಗುಲಗಂಜಿ ಹಿಡಿದಿದ್ದಾನೆ, ಕಾಶಿಗಿಂತ ನಮ್ಮ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಇಂಥ ಊರಿನಲ್ಲಿ ಹುಟ್ಟಿದವನಿಗೆ ಯಾವುದನ್ನೇ ಆಗಲಿ ಒಂದು ಗುಲಗಂಜಿಯಷ್ಟು ಹೆಚ್ಚಿಗೆ ಹೇಳಿಕೊಳ್ಳುವ ಹಕ್ಕು ತಾನಾಗಿಯೇ ಬಂದಿರುತ್ತದೆ. ನಾನು ಆ ಹಕ್ಕನ್ನು ಒಂದು ದಿನವೂ ಬಳಸದೆ ಬಿಟ್ಟವನಲ್ಲ.

ಹಾಗಾಗಿ ಓಹಾಯೊದಿಂದ ಬಂದಿದ್ದ ಅಕ್ಕನ ಮಗ, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ನನ್ನ ಕೈಗಿಟ್ಟು, “ಮಾಮ, ಎಲ್ಲಾನೂ ಇದಕ್ಕೆ ಹಾಕ್ಕೊಡಿ. ಸಾಯಂಕಾಲ ಐದಕ್ಕೆ ಕಾರ್ ಬರುತ್ತೆ, ರಾತ್ರಿ ಫ್ಲೈಟು. ಎಷ್ಟೊತ್ತಾಗಬೋದು?” ಎಂದಾಗ ನಾನು ಗಡಿಯಾರವನ್ನೂ ನೋಡಲಿಲ್ಲ.

“ಅರ್ಧ ಗಂಟೇಲಿ ಆಗ್ಹೋಗುತ್ತೆ. ಮೊದಲು ಊಟ ಮಾಡು.”

ಇದು ಬರೀ ಜಂಬದ ಮಾತಲ್ಲ, ಲೆಕ್ಕ ಹಾಕಿಯೇ ಹೇಳಿದ್ದು. ನನ್ನ ಕಂಪ್ಯೂಟರಿನೊಳಗೆ ಕೂತಿರುವುದು ಎನ್‌ವಿಎಂಇ ಎಸ್‌ಎಸ್‌ಡಿ, ಸೆಕೆಂಡಿಗೆ 3500 ಎಂಬಿ ಓದುತ್ತದೆ ಎಂದು ಅದರ ಡಬ್ಬಿಯ ಮೇಲೆ ಅಚ್ಚಾಗಿದೆ. ಅವನು ತಂದದ್ದರ ಡಬ್ಬಿಯ ಮೇಲೆ 1050. ನಡುವೆ ಇರುವ ಯುಎಸ್‌ಬಿ 3.0 ದಾರಿಯಲ್ಲಿ ಸೆಕೆಂಡಿಗೆ ನಾನೂರೋ ನಾನೂರೈವತ್ತೋ ಎಂಬಿ ಹಾಯುತ್ತದೆ. 800 ಜಿಬಿಯನ್ನು 450ರಿಂದ ಭಾಗಿಸಿ ನೋಡಿ, ಅರ್ಧ ಗಂಟೆಯೇ ಬರುತ್ತದೆ. ಲೆಕ್ಕದಲ್ಲಿ ಇಂದಿಗೂ ಯಾರೂ ತಪ್ಪು ತೋರಿಸಲಾರರು.

ಊಟಕ್ಕೆ ಹುಳಿ, ಮಾವಿನಕಾಯಿ ಚಿತ್ರಾನ್ನ, ಹೋಳಿಗೆ, ಕೊನೆಗೆ ನಂಜನಗೂಡು ರಸಬಾಳೆ. ಈ ಬಾಳೆಗೆ ಭೌಗೋಳಿಕ ಸೂಚಿಕೆಯ ಗೌರವವೇನೋ ಇದೆ, ಸೊರಗು ರೋಗ ಬಂದ ಮೇಲೆ ತೋಟಗಳೇ ಕಡಿಮೆಯಾಗಿ ಅಸಲಿ ಹಣ್ಣು ಸಿಗುವುದು ಕಷ್ಟವಾಗಿದೆ. ನಂಜನಗೂಡಿನ ಬಾಮೈದ ಎಲ್ಲಿಂದಲೋ ಸಂಪಾದಿಸಿ ತನ್ನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ಒಂದು ಗೊನೆ ಕಳಿಸಿದ್ದ. ಅದನ್ನು ನಡುಮನೆಯ ಕೊಕ್ಕೆಗೆ ತೂಗುಹಾಕಿದ್ದೆವು. ಆ ಮಧ್ಯಾಹ್ನ ಎಷ್ಟು ಹೊತ್ತು ಹಿಡಿಯಿತು ಎಂಬುದಕ್ಕೆ ಆ ಗೊನೆಯೇ ಸಾಕ್ಷಿ, ಆಮೇಲೆ ಹೇಳುತ್ತೇನೆ.

ಕಂಪ್ಯೂಟರು ಇರುವುದು ಗೋಡೆಯ ಬೀರುವಿನೊಳಗೆ. ಧೂಳು ಬೀಳಬಾರದಲ್ಲ. ಅದರ ಮೇಲೆ ನನ್ನ ಹೆಂಡತಿ ಹೊಲಿದ ಹೂಬಳ್ಳಿಯ ಕವರು. ಅಕ್ಕನ ಮಗ ಡ್ರೈವಿನ ಜೊತೆಗೆ ಗೇಣುದ್ದದ ಒಂದು ಕೇಬಲ್ ಕೊಟ್ಟಿದ್ದ. ಕೊಟ್ಟ ಕ್ಷಣವೇ ಅದನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟೆ, ಪರದೇಶದ ಸಾಮಾನು, ಕಳೆದುಹೋದರೆ ಇಲ್ಲಿ ಸಿಗುತ್ತದೋ ಇಲ್ಲವೋ ಎಂದು. ಅಲ್ಲದೆ ಅಷ್ಟು ಗಿಡ್ಡ ಕೇಬಲ್ ಬೀರುವಿನಿಂದ ಮೇಜಿಗೆ ಎಟುಕುವುದಿಲ್ಲ, ಡ್ರೈವು ನೇತಾಡುತ್ತದೆ. ಅದರ ಬದಲು ಮಂಚದ ಪಕ್ಕ ಬಿದ್ದಿದ್ದ ಒಂದೂವರೆ ಮೀಟರಿನ ಬಿಳೀ ಕೇಬಲ್ ತೆಗೆದುಕೊಂಡೆ. ಎರಡರ ತುದಿಯೂ ಒಂದೇ, ಎರಡೂ ಕಡೆ ಸರಿಯಾಗಿ ಕೂತಿತು. ಸ್ಕ್ರೀನಿನ ಮೂಲೆಯಲ್ಲಿ ಏನೋ ಒಂದು ಚೀಟಿ ಮೂಡಿತು, ಈ ಸಾಧನ ಇನ್ನೂ ವೇಗವಾಗಿ ಓಡಬಲ್ಲದು ಎಂಬರ್ಥದ್ದು. ಜಾಹೀರಾತು ಎಂದುಕೊಂಡು ಗುಣಾಕಾರ ಚಿಹ್ನೆ ಒತ್ತಿದೆ.

ಕಾಪಿ ಶುರುವಾಯಿತು. ಸೆಕೆಂಡಿಗೆ 38 ಎಂಬಿ.

ವಿಂಡೋಸ್ ಉಳಿದ ಸಮಯವನ್ನು ಮೊದಲು ಎರಡು ಗಂಟೆ ಎಂದಿತು, ಆಮೇಲೆ ಒಂದು ದಿನ ಎಂದಿತು, ಆಮೇಲೆ ಏನೋ ಹೊಳೆದಂತೆ ನಲವತ್ತೈದು ಸೆಕೆಂಡ್ ಎಂದಿತು, ಕೊನೆಗೆ ಆರು ಗಂಟೆಗೆ ಬಂದು ನಿಂತಿತು. ಈ ಪೈಕಿ ಕೊನೆಯದು ಸರಿ. 800 ಜಿಬಿಯನ್ನು 38ರಿಂದ ಭಾಗಿಸಿದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ.

“ಆಯ್ತಾ ಮಾಮ?” ಎಂದು ಅಕ್ಕನ ಮಗ ನಡುಮನೆಯಿಂದ ಕೂಗಿದ.

“ಆಗ್ತಾ ಇದೆ. ಇನ್ನೊಂದು ಬಾಳೆಹಣ್ಣು ತಿನ್ನು.”

ಮೊದಲು ಅನುಮಾನ ಹೋದದ್ದು ಕರೆಂಟಿನ ಮೇಲೆ. ಏಪ್ರಿಲ್ ತಿಂಗಳು, ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್ ಓಡುತ್ತಿರುತ್ತವೆ, ವೋಲ್ಟೇಜ್ ಇಳಿದಿರಬೇಕು ಎಂದು ಫ್ಯಾನ್ ಆಫ್ ಮಾಡಿದೆ, ಫ್ರಿಜ್ ಆಫ್ ಮಾಡಿದೆ, ನೀರಿನ ಫಿಲ್ಟರಿನ ಪ್ಲಗ್ ಕಿತ್ತೆ. 38ರ ಜಾಗದಲ್ಲಿ 37 ಬಂತು. ಕಂಪ್ಯೂಟರಿನೊಳಗೆ ಕರೆಂಟು ಹೋಗುವುದು ಎಸ್‌ಎಂಪಿಎಸ್ ಮೂಲಕ, ಹೊರಗೆ ವೋಲ್ಟೇಜ್ ಕುಣಿದರೂ ಅದು ಒಳಗೆ ಹನ್ನೆರಡು, ಐದು ಎಂದು ಅಳೆದೇ ಕೊಡುತ್ತದೆ; ಡ್ರೈವಿನ ವೇಗಕ್ಕೂ ನಮ್ಮನೆ ಫ್ರಿಜ್ಜಿಗೂ ಸಂಬಂಧವಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಊರವರಿಗೆ ಎಷ್ಟೋ ಸಲ ವಿವರಿಸಿದ್ದೇನೆ. ತಾನೇ ಸಿಕ್ಕಿಹಾಕಿಕೊಂಡಾಗ ಮನುಷ್ಯನ ಕೈ ಮೊದಲು ಸ್ವಿಚ್ಚಿಗೇ ಹೋಗುತ್ತದೆ.

ಆಮೇಲೆ ಬಾಮೈದನಿಗೆ ಫೋನ್ ಮಾಡಿದೆ. ನಂಜನಗೂಡಿನಿಂದ ಇಳಿದು ಬರುವ ಕಪಿಲೆ ನಮ್ಮೂರಿಗೆ ಬಂದ ಮೇಲೆ ಹೆಸರು ಬಿಟ್ಟು ಕಾವೇರಿಯಾಗಿಬಿಡುತ್ತಾಳೆ. ನನ್ನ ಹೆಂಡತಿಯೂ ನಂಜನಗೂಡಿನಿಂದಲೇ ಬಂದವಳು. ನಮ್ಮಿಬ್ಬರ ಸಂಗಮದಲ್ಲಿ ಹೆಸರು ಕಳೆದುಕೊಂಡವನು ನಾನು. ಬೀದಿಯಲ್ಲಿ ನಾನು ಈಗಲೂ ಅವಳ ಯಜಮಾನರು ಎಂದೇ ಪರಿಚಿತ. ಅವಳ ತಮ್ಮ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವನು, ಕಂಪ್ಯೂಟರ್ ಎಂದರೆ ಕೊನೆಯ ಮಾತು ಅವನದೇ.

“ಭಾವ, ಡೀಫ್ರಾಗ್ ಹಾಕಿ” ಎಂದ, ನಾನು ವಾಕ್ಯ ಮುಗಿಸುವ ಮೊದಲೇ.

ವಿಂಡೋಸ್ 98ರ ಕಾಲದಲ್ಲಿ ಡೀಫ್ರಾಗ್ ಹಾಕಿ ಬಣ್ಣದ ಚೌಕಗಳು ಒಂದೊಂದೇ ಸರಿಯುವುದನ್ನು ಸಂಜೆಯಿಡೀ ನೋಡುತ್ತ ಕೂರುತ್ತಿದ್ದವರಲ್ಲಿ ನಾನೂ ಒಬ್ಬ. ಟೀವಿಯಲ್ಲಿ ಅದಕ್ಕಿಂತ ಒಳ್ಳೆಯದೇನೂ ಬರುತ್ತಿರಲಿಲ್ಲ. ಆದರೆ ಅದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ. ಚೂರುಚೂರಾಗಿ ಹರಡಿದ ಫೈಲನ್ನು ಹುಡುಕಿಕೊಂಡು ಅಲ್ಲಿ ಒಂದು ಮುಳ್ಳು ಓಡಾಡಬೇಕು, ಚೂರುಗಳನ್ನು ಒಟ್ಟಿಗೆ ಇಟ್ಟರೆ ಅದರ ಓಡಾಟ ತಪ್ಪುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡುವುದೂ ಇಲ್ಲ. ಡೀಫ್ರಾಗ್ ಹಾಕಿದರೆ ಸುಮ್ಮನೆ ಬರೆದು ಅಳಿಸಿ ಅದರ ಆಯುಸ್ಸು ಸವೆಯುತ್ತದೆ ಅಷ್ಟೆ. ಇಷ್ಟನ್ನೂ ಬಾಮೈದನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಫಾರ್ಮ್ಯಾಟ್ ಮಾಡಿ” ಎಂದ.

ರೋಗ ಪತ್ತೆಯಾದದ್ದು ಬೇರೆ ಥರ. ನನ್ನ ಹೆಂಡತಿ ಕೈಯಲ್ಲಿ ಮೊಬೈಲು ಹಿಡಿದು ಬಂದಳು. “ಮೂರೇ ಪರ್ಸೆಂಟ್ ಇದೆ. ನನ್ನ ಚಾರ್ಜರ್ ವೈರು ಎಲ್ಲಿ?” ಎಂದು ಕೇಳಿದಳು. ನಾನು ಉತ್ತರ ಯೋಚಿಸುವಷ್ಟರಲ್ಲಿ ಕಣ್ಣಿಗೆ ಬಿತ್ತು, ಕಿತ್ತಳು, ಹೋದಳು. ಸ್ಕ್ರೀನಿನ ಮೇಲೆ 2016ರ ಮೇಳದ ನಡುನೀರಿನಲ್ಲಿ ಕಾಪಿ ನಿಂತುಹೋಯಿತು.

ಕೂಗಾಟ ಕೇಳಿ ಅಕ್ಕನ ಮಗ ಎದ್ದು ಬಂದ. ಅವನು ಅಲ್ಲಿ ಮಾಡುವುದು ಇದೇ ಕಸುಬು. ಪಾಪ, ಮಾಮನ ಮರ್ಯಾದೆಗೆ ಇಷ್ಟು ಹೊತ್ತು ಒಳಗೆ ಇಣುಕಿರಲಿಲ್ಲ.

“ಮಾಮ, ಚಾರ್ಜರ್ ಕೇಬಲ್ಲಲ್ಲಿ ಮಾಡ್ತಿದ್ರಾ? ನಾನು ಕೊಟ್ಟಿದ್ದು ಎಲ್ಲಿ?”

“ಜೋಪಾನವಾಗಿದೆ.”

ಫೋನಿನ ಜೊತೆ ಬರುವ ಕೇಬಲ್ಲುಗಳ ಹೊಟ್ಟೆಯೊಳಗೆ ಹೆಚ್ಚಾಗಿ ಇರುವುದು ಯುಎಸ್‌ಬಿ 2.0ಗೆ ಬೇಕಾದ ನಾಲ್ಕು ತಂತಿ ಮಾತ್ರ: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಆ ಹಳೆಯ ದಾರಿಯ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್ ಎಂದು ಭಾಗಿಸಿದರೆ 60 ಎಂಬಿ, ದಾರಿಖರ್ಚು ಕಳೆದರೆ ನಲವತ್ತರ ಆಸುಪಾಸು. ಯುಎಸ್‌ಬಿ 3.0ಗೆ ಇನ್ನೂ ಐದು ತಂತಿ ಬೇಕು. ಹೊರಗಿನಿಂದ ನೋಡಿದರೆ ಎರಡು ಕೇಬಲ್ಲಿಗೂ ಇರುವ ವ್ಯತ್ಯಾಸ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಸಿಪ್ಪೆ ಬಿಡಿಸಿ ನೋಡುವಂತೆಯೂ ಇಲ್ಲ. ಕೇಬಲ್ ಮಾರುವವರು ಇದನ್ನು ದೊಡ್ಡಕ್ಷರದಲ್ಲಿ ಬರೆಯದೆ ಇರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಅದನ್ನು ಆ ಕೂಡಲೇ ವ್ಯಕ್ತಪಡಿಸಿದೆ ಕೂಡ. ಅಕ್ಕನ ಮಗ ಗಡಿಯಾರ ನೋಡಿದ. ಎರಡೂವರೆ.

ಡಬ್ಬಿಯಿಂದ ಗಿಡ್ಡ ಕೇಬಲ್ ಬಂತು. ಡ್ರೈವು ನೇತಾಡದಂತೆ ಕೆಳಗೆ ನಾಲ್ಕು ಹಳೇ ಪಂಚಾಂಗ ಪೇರಿಸಿ ಆಸನ ಮಾಡಿದೆ. ಕಂಪ್ಯೂಟರಿನ ನೀಲಿ ನಾಲಗೆಯ ಪೋರ್ಟಿಗೇ, ಅಂದರೆ ಯುಎಸ್‌ಬಿ 3.0ಗೇ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ, ಇಂಚಿಂಚಾಗಿ ಒಳಗೆ ಸರಿಸಿದೆ. ಇಪ್ಪತ್ತು ವರ್ಷದಿಂದ ಒಂದೇ ಒಂದು ಪೋರ್ಟು ಸಡಿಲಾಗದಂತೆ ಕಂಪ್ಯೂಟರ್ ಬಳಸುತ್ತಿರುವ ಕೈ ಇದು.

38.

ಅಕ್ಕನ ಮಗ ತಲೆ ಕೆರೆದುಕೊಂಡ. ಆಮೇಲೆ, “ಮಾಮ, ಒಂದ್ಸಲ ತೆಗೆದು, ರಪ್ಪನೆ ತುರುಕಿ ನೋಡಿ” ಎಂದ.

“ರಪ್ಪನೆಯಾ?”

“ಹೂಂ. ಬಾಗಿಲು ಹಾಕ್ದಂಗೆ.”

ನಾನು ಕಣ್ಣು ಮುಚ್ಚಿಕೊಂಡು ತುರುಕಿದೆ. ಸೆಕೆಂಡಿಗೆ 430 ಎಂಬಿ! ಇದರ ಗುಟ್ಟು ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಆ ಚಪ್ಪಟೆ ಪ್ಲಗ್ಗಿನಲ್ಲಿ ಹಳೆಯ ನಾಲ್ಕು ತಂತಿಗಳ ಸಂಪರ್ಕ ಮೊದಲು ಆಗುತ್ತದೆ, ಹೊಸ ಐದರದ್ದು ಪ್ಲಗ್ಗು ಪೂರ್ತಿ ಒಳಗೆ ಹೋದ ಮೇಲೆ. ಭಯಭಕ್ತಿಯಿಂದ ತಳ್ಳಿದರೆ ನಾಲ್ಕು ತಾಗಿ ಐದು ತಾಗುವ ನಡುವೆ ಸಿಗುವ ಸಮಯದಲ್ಲಿ ಕಂಪ್ಯೂಟರು ಇದು ಹಳೇ ಕಾಲದ ಸಾಮಾನು ಎಂದು ತೀರ್ಮಾನಿಸಿ, ಹಳೆಯ ಲೆಕ್ಕದಲ್ಲೇ ಖಾತೆ ತೆರೆದುಬಿಡಬಹುದು. ಆಮೇಲೆ ಐದು ತಾಗಿದರೂ ಕೆಲವೊಮ್ಮೆ ಅದು ಪುನರ್‌ಪರಿಶೀಲನೆ ಮಾಡುವುದಿಲ್ಲ. ರೆಕಾರ್ಡ್ ರೂಮಿನಲ್ಲಿ ನಾವೂ ಮಾಡುತ್ತಿರಲಿಲ್ಲ.

ಆ 430ನ್ನು ನೋಡಲು ಎದುರು ಮನೆಯವರನ್ನು ಕರೆದೆ. ಅವರು ಬಂದರು, ನೋಡಿದರು, ಹಸಿರು ಪಟ್ಟಿ ಚೆನ್ನಾಗಿ ಓಡುತ್ತಿದೆ ಎಂದರು, ರಸಬಾಳೆ ತಿಂದರು. ವಿವರಣೆ ಕೊಡುತ್ತ ನಾನು ಇನ್ನೇನು ಯುಎಸ್‌ಬಿ ಹುಟ್ಟಿದ 1996ನೇ ಇಸವಿಗೆ ಬರಬೇಕು, ಹಸಿರು ಪಟ್ಟಿ ಧಡಕ್ಕನೆ ಬಿತ್ತು. 300. 150. 70. ಎದುರು ಮನೆಯವರು ಗೇಟಿನ ಹತ್ತಿರ ಹಾಲಿನವನು ಬಂದಹಾಗಿದೆ ಎಂದು ಹೊರಟರು. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಬೀದಿಗೆ ಯಾವ ಹಾಲಿನವನೂ ಬರುವುದಿಲ್ಲ.

ಇಲ್ಲಿ ಮೊಸರಿನ ವಿಷಯ ಬರುತ್ತದೆ.

ಎರಡು ವರ್ಷದಿಂದ ನಮ್ಮ ಮನೆಯ ಮೊಸರು ಇಡೀ ಬೀದಿಯಲ್ಲಿ ಹೆಸರುವಾಸಿ. ಚಳಿಗಾಲದಲ್ಲೂ ಗಟ್ಟಿ, ಚಾಕುವಿನಲ್ಲಿ ಕೊಯ್ಯಬಹುದು. ಹೆಂಡತಿಯ ಕೈಗುಣ ಎಂದುಕೊಂಡಿದ್ದೆ. ಅಂದು ವೇಗ ಬಿದ್ದ ಕಾರಣ ಹುಡುಕಲು ಅಕ್ಕನ ಮಗ ಬೀರುವಿಗೆ ಕೈ ಹಾಕಿ, ಹೂಬಳ್ಳಿಯ ಕವರು ಎತ್ತಿದರೆ ಕಂಪ್ಯೂಟರಿನ ನೆತ್ತಿಯ ಮೇಲೆ, ಬಟ್ಟೆಯಡಿಯಲ್ಲಿ, ಹಾಲಿಗೆ ಹೆಪ್ಪು ಹಾಕಿದ ಸ್ಟೀಲಿನ ಡಬ್ಬಿ!

“ಅಲ್ಲಿ ಬೆಚ್ಚಗಿರುತ್ತೆ” ಎಂದಳು ನನ್ನ ಹೆಂಡತಿ, ಯಾವ ಸಂಕೋಚವೂ ಇಲ್ಲದೆ. “ನೀವು ರಾತ್ರಿ ಹಗಲು ಆಫ್ ಮಾಡಲ್ಲ. ಅಷ್ಟು ಕರೆಂಟ್ ಉರಿಯುತ್ತಲ್ಲ, ಒಂದು ಉಪಯೋಗಕ್ಕಾದರೂ ಬರಲಿ ಅಂತ.”

ಎಸ್‌ಎಸ್‌ಡಿಯ ಹೊಟ್ಟೆಯೊಳಗಿರುವುದು ಫ್ಲ್ಯಾಶ್ ಮೆಮೊರಿ, ಕರೆಂಟು ಹೋದರೂ ನೆನಪು ಉಳಿಸಿಕೊಳ್ಳುವಂಥದ್ದು. ತೋಷಿಬಾ ಕಂಪನಿಯಲ್ಲಿ ಕೂತು ಅದನ್ನು 1980ರ ದಶಕದಲ್ಲಿ ಕಂಡುಹಿಡಿದವನು ಫುಜಿಯೊ ಮಸುಒಕ. ಅದರಿಂದ ಹಾಲು ಹೆಪ್ಪಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ.

ಎನ್‌ವಿಎಂಇ ಡ್ರೈವಿನ ತಾಪಮಾನ ತೋರಿಸುವ ತಂತ್ರಾಂಶವೊಂದನ್ನು ಅಕ್ಕನ ಮಗ ತೆರೆದ. 84 ಡಿಗ್ರಿ. ಸಾಮಾನ್ಯವಾಗಿ ಎಪ್ಪತ್ತು, ಎಂಬತ್ತು ದಾಟುವ ಹೊತ್ತಿಗೆ ಈ ಡ್ರೈವುಗಳು ಸುಟ್ಟುಹೋಗದಿರಲು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಅದು ರೋಗವಲ್ಲ, ಸ್ವರಕ್ಷಣೆ. “ಆದ್ರೂ ಇಷ್ಟು ಬಿಸಿ ಆಗಬಾರ್ದು. ಹೀಟ್‌ಸಿಂಕ್ ಹಾಕಿಲ್ವಾ?” ಎಂದ.

ಹಾಕಿದ್ದೆ. ನಾನೇ ಹಾಕಿದ್ದೆ. ಮೈಸೂರಿನಿಂದ ತಂದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ಕೂಲಿ ಕೊಡುವುದೇಕೆಂದು ಸ್ಕ್ರೂಡ್ರೈವರ್ ಹಿಡಿದು ನಾನೇ ಕೂರಿಸಿದ್ದು. ಚೂಯಿಂಗ್‌ಗಮ್ ಪಟ್ಟಿಯಷ್ಟೇ ಅಗಲದ ಆ ಡ್ರೈವು, ಅದರ ಮೇಲೆ ಶಾಖ ಹೀರುವ ಮೆತ್ತನೆಯ ಪ್ಯಾಡು, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ. ಬಿಚ್ಚಿ ನೋಡಿದೆವು. ಎಲ್ಲವೂ ಕ್ರಮವಾಗಿಯೇ ಇತ್ತು. ಪ್ಯಾಡಿಗೂ ಡ್ರೈವಿಗೂ ಮಧ್ಯೆ ಮಾತ್ರ ಒಂದು ತೆಳ್ಳನೆಯ ನೀಲಿ ಪ್ಲಾಸ್ಟಿಕ್ ಪೊರೆ, ಅಂಗಡಿಯಲ್ಲಿ ಹೇಗಿತ್ತೋ ಹಾಗೇ ಮಿರಮಿರ ಮಿಂಚುತ್ತಿತ್ತು. ಮೂಲೆಯಲ್ಲಿ ಕೀಳಲು ಅನುಕೂಲವಾಗಲೆಂದು ಕಿವಿಯಷ್ಟು ತುದಿ ಬಿಟ್ಟಿದ್ದರು, ಪಕ್ಕದಲ್ಲಿ ಬಾಣದ ಗುರುತೂ ಇತ್ತು.

ಓದುಗರು ನನ್ನನ್ನು ನೋಡಿ ನಗುವ ಮುನ್ನ ತಮ್ಮ ಮನೆಯ ಟೀವಿ ರಿಮೋಟನ್ನೊಮ್ಮೆ ನೋಡಿಕೊಳ್ಳಲಿ. ನಮ್ಮ ಫ್ರಿಜ್ಜಿನ ಹಿಡಿಗೆ ಎಂಟು ವರ್ಷದಿಂದ ಪ್ಲಾಸ್ಟಿಕ್ ಇದೆ. ಸೋಫಾದ ಮೇಲಿನದು ಬೇಸಿಗೆಯಲ್ಲಿ ತೊಡೆಗೆ ಅಂಟಿ, ಏಳುವಾಗ ಚರ್ಮ ಕಿತ್ತುಬಂದರೂ ನಾವು ಅದನ್ನು ತೆಗೆದಿಲ್ಲ, ನೆಂಟರಿಗೆ ಅಭ್ಯಾಸವಾಗಿದೆ. ವಾಷಿಂಗ್ ಮೆಷಿನ್ನಿನ ಗುಂಡಿಗಳನ್ನು ಪ್ಲಾಸ್ಟಿಕ್ಕಿನ ಮೇಲಿಂದಲೇ ಒತ್ತುತ್ತೇವೆ, ಯಾವುದು ಯಾವುದೆಂದು ಈಗ ಕಾಣಿಸುವುದಿಲ್ಲ, ಅಂದಾಜಿನಲ್ಲಿ ಒಗೆಯುತ್ತದೆ. ಇಂಥ ಮನೆತನದವನಿಗೆ ಹೊಸ ಸಾಮಾನಿನ ಮೇಲಿನ ಪೊರೆ ಕೀಳು ಎಂದು ಬಾಣ ತೋರಿಸಿದರೆ ಅದು ಕಣ್ಣಿಗೆ ಬೀಳುವುದಾದರೂ ಹೇಗೆ?

ಅಕ್ಕನ ಮಗ ಪೊರೆಯನ್ನು ಸರ್ರನೆ ಕಿತ್ತ. ನನಗೆ ಎದೆ ಚುರುಕ್ಕೆಂದಿತು. ಬೀರುವಿನ ಬಾಗಿಲು ತೆಗೆದಿಟ್ಟು, ಮೊಸರಿಗೆ ಅಡುಗೆಮನೆಯಲ್ಲಿ ಬದಲಿ ವಸತಿ ಕಲ್ಪಿಸಿ, ಟೇಬಲ್ ಫ್ಯಾನ್ ತಿರುಗಿಸಿ ಇಟ್ಟ ಮೇಲೆ ತಾಪ 58ಕ್ಕೆ ಇಳಿಯಿತು, ವೇಗ ಮತ್ತೆ 430 ಮುಟ್ಟಿತು. ಪಂಚಲಿಂಗ ದರ್ಶನ ಎರಡೂ ಸರಸರನೆ ಸಾಗಿದವು. ಪ್ರವಾಹ ಹೋಯಿತು. ಮದುವೆಗಳು ಹೋದವು. ಗಂಟೆ ನಾಲ್ಕೂಕಾಲು.

ಆಗ ಸಿಕ್ಕಿತು “ವಾಟ್ಸಾಪ್ ಸಂಗ್ರಹ” ಎಂಬ ಫೋಲ್ಡರು. ವೇಗ ಎಂಬಿಯಿಂದ ಕೆಬಿಗೆ ಇಳಿಯಿತು. ಸೆಕೆಂಡಿಗೆ 600 ಕೆಬಿ. ಹಸಿರು ಪಟ್ಟಿ ನೆಲಕ್ಕೆ ಅಂಟಿಕೊಂಡಿತು.

“ಮಾಮ, ಇದ್ರಲ್ಲಿ ಏನಿದೆ?”

“ಬಂಧುಗಳ ಸಂದೇಶಗಳು.”

ತೆರೆದು ನೋಡಿದ. ಗುಲಾಬಿ ಹೂವಿನ ಮೇಲೆ ಶುಭೋದಯ. ಉದಯಿಸುವ ಸೂರ್ಯನ ಮೇಲೆ ಶುಭೋದಯ. ಕಾಫಿ ಲೋಟದಿಂದ ಹೊಗೆಯಾಡುವ ಶುಭೋದಯ. ಸೋಮವಾರಕ್ಕೆ ನಂಜುಂಡೇಶ್ವರ, ಶನಿವಾರಕ್ಕೆ ಆಂಜನೇಯ, ಏಕಾದಶಿಗೆ ಬೇರೆ. ನಮ್ಮ ಕುಟುಂಬದ ಗುಂಪಿನಲ್ಲಿ ಯಾವ ಹಿರಿಯರು ಏನು ಕಳಿಸಿದರೂ ಅಳಿಸಿದವನಲ್ಲ ನಾನು. ಕಳಿಸಿದವರಲ್ಲಿ ಕೆಲವರು ಈಗ ಇಲ್ಲ, ಅವರ ಶುಭೋದಯ ಇದೆ. ಲಕ್ಷಗಟ್ಟಲೆ ಫೈಲು, ಒಂದೊಂದೂ ಐವತ್ತೋ ಅರವತ್ತೋ ಕೆಬಿ.

ಒಂದು ವಿಡಿಯೊ ನಾಲ್ಕು ಜಿಬಿ ಇದ್ದರೂ ಅದು ಒಂದೇ ಫೈಲು, ಒಂದು ಸಲ ಹೆಸರು ಬರೆದುಕೊಂಡು ಸುರಿದರೆ ಆಯಿತು. ನಾಲ್ಕು ಜಿಬಿ ಶುಭೋದಯವೆಂದರೆ ಎಪ್ಪತ್ತು ಸಾವಿರ ಸಲ ಫೈಲು ತೆರೆಯಬೇಕು, ಹೆಸರು ದಾಖಲಿಸಬೇಕು, ಜಾಗ ಗೊತ್ತುಮಾಡಬೇಕು, ಪಟ್ಟಿ ತಿದ್ದಬೇಕು, ಮುಚ್ಚಬೇಕು. ಮೇಲಾಗಿ ಆ್ಯಂಟಿವೈರಸ್ ಪ್ರತಿಯೊಂದು ಗುಲಾಬಿಯನ್ನೂ ಹಿಡಿದು ನಿಲ್ಲಿಸಿ ಒಳಗೇನಿದೆ ಎಂದು ತಡಕುತ್ತದೆ. ಇಂಥಲ್ಲಿ ಡ್ರೈವಿನ ಡಬ್ಬಿಯ ಮೇಲೆ ಏನು ಬರೆದಿದ್ದರೂ ಅಷ್ಟೆ. ಆ ದೊಡ್ಡ ಅಂಕಿಗಳು ದೊಡ್ಡ ಫೈಲಿಗೆ ಹೇಳಿದ ಮಾತು, ಬಂಧುಬಳಗ ಇರುವವರಿಗಲ್ಲ.

“ಇದನ್ನ ಬಿಟ್ಬಿಡೋಣ” ಎಂದ ಅಕ್ಕನ ಮಗ.

“ಅದರಲ್ಲಿ ನಿಮ್ಮಮ್ಮ ಕಳಿಸಿದ್ದೂ ಇದೆ” ಎಂದೆ.

ಅವನು ತುಸು ಹೊತ್ತು ಸ್ಕ್ರೀನ್ ನೋಡಿದ. ಆಮೇಲೆ ಇಡೀ ಫೋಲ್ಡರನ್ನು ಕುಗ್ಗಿಸದೆ ಒಂದೇ ಜಿಪ್ ಫೈಲಾಗಿ ಕಟ್ಟಲು ಕೊಟ್ಟ. ಗಂಟು ಕಟ್ಟಿ ಮುಗಿಯುವ ಹೊತ್ತಿಗೆ ಹೊರಗೆ ಕಾರಿನ ಹಾರನ್ನು.

ಡ್ರೈವರಿಗೂ ನಾನು ಹೇಳಿದ್ದು ಅದೇ, ಅರ್ಧ ಗಂಟೇಲಿ ಆಗ್ಹೋಗುತ್ತೆ, ಬನ್ನಿ, ಕೂತ್ಕೊಳ್ಳಿ, ಹಣ್ಣು ತಗೊಳ್ಳಿ. ಉಳಿದದ್ದು 200 ಜಿಬಿಯೂ ಇರಲಿಲ್ಲ. ಕೇಬಲ್ ಸರಿ, ಪೋರ್ಟ್ ಸರಿ, ತಾಪ ಸರಿ, ಶುಭೋದಯ ಗಂಟಿನಲ್ಲಿದೆ. 430ರಲ್ಲಿ ಹೊರಟದ್ದು ಸ್ವಲ್ಪ ದೂರ ಹೋಗಿ 90ಕ್ಕೆ ಇಳಿದು ಅಲ್ಲೇ ಕೂತಿತು. ತಾಪ ನೋಡಿದೆ, 55. ಕೇಬಲ್ ತೆಗೆದು ರಪ್ಪನೆ ತುರುಕಿದೆ. ಇನ್ನೊಮ್ಮೆ ತುರುಕಿದೆ. 90.

ಈ ಸಲ ಅಕ್ಕನ ಮಗನ ಮುಖ ಕೆಂಪಾಯಿತು. “ಇದು... ಇದು ನನ್ನ ಡ್ರೈವ್ ಪ್ರಾಬ್ಲಮ್ಮು ಮಾಮ. ಸೇಲಲ್ಲಿ ತಗೊಂಡಿದ್ದು.”

ಆಹಾ! ನಡುಮನೆಯಲ್ಲಿ ಡ್ರೈವರು, ಹೆಂಡತಿ, ಮತ್ತೆ ಬಂದಿದ್ದ ಎದುರು ಮನೆಯವರು ಎಲ್ಲರಿಗೂ ಕೇಳಿಸುವಂತೆ, “ಹೇಗೆ? ಸ್ವಲ್ಪ ಬಿಡಿಸಿ ಹೇಳು” ಎಂದೆ. ಹೇಳಿದ. ಫ್ಲ್ಯಾಶ್ ಮೆಮೊರಿಯ ಒಂದು ಕೋಶದಲ್ಲಿ ಒಂದೇ ಬಿಟ್ ಇಟ್ಟರೆ ವಿದ್ಯುತ್ ಇದೆಯೋ ಇಲ್ಲವೋ ಎಂದು ಎರಡೇ ಮಟ್ಟ, ಬೇಗ ಬರೆಯಬಹುದು. ಅಗ್ಗವಾಗಲೆಂದು ಅದೇ ಕೋಶದಲ್ಲಿ ಮೂರು ಬಿಟ್ ತುಂಬಿದರೆ ಎಂಟು ಮಟ್ಟ, ನಾಲ್ಕು ಬಿಟ್ ತುಂಬಿದರೆ ಹದಿನಾರು ಮಟ್ಟಗಳನ್ನು ತೂಗಿ ತೂಗಿ ಇಡಬೇಕು. ಆದ್ದರಿಂದ ನಿಧಾನ. ಅದು ಗೊತ್ತಾಗದಿರಲಿ ಎಂದು ಕಂಪನಿಗಳು ಖಾಲಿ ಜಾಗದ ಒಂದು ಭಾಗವನ್ನು ಒಂದು ಬಿಟ್ಟಿನ ಲೆಕ್ಕದಲ್ಲೇ ಬಳಸುತ್ತವೆ. ಬಂದದ್ದನ್ನು ಮೊದಲು ಅಲ್ಲಿ ಇಳಿಸಿಕೊಂಡು, ಬಿಡುವಾದಾಗ ಒಳಗೆ ಜೋಡಿಸುತ್ತವೆ. ಡಬ್ಬಿಯ ಮೇಲಿನ 1050 ಆ ಭಾಗದ ವೇಗ. ಅದು ತುಂಬಿದ ಮೇಲೆ ಅಸಲಿ ವೇಗ ಹೊರಬೀಳುತ್ತದೆ. ಡ್ರೈವು ಭರ್ತಿಯಾಗುತ್ತ ಬಂದಷ್ಟೂ ಆ ಭಾಗವೂ ಕಿರಿದಾಗುತ್ತದೆ. ಇದಕ್ಕೆ ಮದ್ದಿಲ್ಲ, ಕಾಯಬೇಕು.

ಕಾದೆವು. ಒಂದಾದರೂ ನನ್ನದಲ್ಲದ ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಎಲ್ಲರಿಗೂ ನಾನೇ ಕಾಫಿ ಮಾಡಿದೆ. ಗೊನೆಯಲ್ಲಿ ದಿಂಡು, ತುದಿಯ ಕಾಯಿಗಳು ಮಾತ್ರ ಉಳಿದಿದ್ದವು. ಡ್ರೈವರು ಅದರ ತುದಿಯ ಕಾಯಿಯೊಂದನ್ನು ಹಣ್ಣಾಗಿದೆಯೇ ಎಂದು ಒತ್ತಿ ನೋಡುತ್ತಿದ್ದ. ಕಾಪಿ ಮುಗಿದಾಗ ಸಂಗಮದ ಕಡೆ ದೀಪ ಹತ್ತಿತ್ತು. ಕೇಬಲ್ ಬಿಚ್ಚಿ ಸುತ್ತಿದೆ, ಡ್ರೈವನ್ನು ಬಟ್ಟೆಯಿಂದ ಒರೆಸಿ ಅವನ ಕೈಗಿಟ್ಟೆ. ಕಾಲಿಗೆ ನಮಸ್ಕಾರ ಮಾಡಿ ಓಡಿದ. ವಿಮಾನ ಸಿಕ್ಕಿತೆಂದು ಬೆಳಗಿನ ಜಾವ ಸಂದೇಶ ಬಂತು. ಅದನ್ನೂ ಸಂಗ್ರಹಕ್ಕೆ ಸೇರಿಸಿದ್ದೇನೆ.

ಈಗ ಬೀದಿಯಲ್ಲಿ ಯಾರ ಕಂಪ್ಯೂಟರು ನಿಧಾನವಾದರೂ ನನ್ನನ್ನೇ ಕರೆಯುತ್ತಾರೆ. ಹೋದವನೇ ಕೇಬಲ್ ಮುಟ್ಟಿ ನೋಡುತ್ತೇನೆ, ಕಂಪ್ಯೂಟರಿನ ನೆತ್ತಿ ಮುಟ್ಟಿ ನೋಡುತ್ತೇನೆ, ಪೊರೆ ಕಿತ್ತಿದ್ದೀರಾ ಎಂದು ಗದರಿಸಿ ಕೇಳುತ್ತೇನೆ. ಸ್ಟುಡಿಯೊ ಹುಡುಗನೊಬ್ಬನ ಡ್ರೈವಿನಲ್ಲಿ ಉತ್ಸಾಹ ಹೆಚ್ಚಾಗಿ ಕಂಪನಿಯ ಲೇಬಲ್ಲನ್ನೂ ಕಿತ್ತುಬಿಟ್ಟೆ. ಅದನ್ನು ಕಿತ್ತರೆ ವಾರಂಟಿ ಇಲ್ಲವೆಂದು ಅದರ ಮೇಲೆಯೇ ಬರೆದಿತ್ತಂತೆ. ಕೀಳುವ ರಭಸದಲ್ಲಿ ಓದುವುದು ಹೇಗೆ? ಮನೆಯಲ್ಲಿ ಮೊಸರು ಮಾತ್ರ ನೀರಾಗಿದೆ. ನನ್ನ ಹೆಂಡತಿ ಆ ನೀಲಿ ಪೊರೆ ಮತ್ತೆ ಹಾಕಲು ಬರುತ್ತದೆಯೇ ಎಂದು ಎರಡು ಸಲ ಕೇಳಿದ್ದಾಳೆ.

ಮೊನ್ನೆ ಓಹಾಯೊದಿಂದ ಫೋನು.

“ಮಾಮ, ಡ್ರೈವು ಇಲ್ಲಿ ಯಾಕೋ ತುಂಬಾ ಸ್ಲೋ. ಕುಂಭಮೇಳ ಕಾಪಿ ಹಾಕಿದ್ರೆ ಸೆಕೆಂಡಿಗೆ ಮೂವತ್ತೆಂಟು ಬರ್ತಿದೆ. ಅದರ ಜೊತೆ ಇದ್ದ ಗಿಡ್ಡ ಕೇಬಲ್ ಬ್ಯಾಗಲ್ಲಿ ಸಿಗ್ತಿಲ್ಲ, ಫೋನಿಂದು ಹಾಕಿದ್ದೀನಿ. ಅಲ್ಲೇನಾದ್ರೂ ಉಳೀತಾ?”

ಫೋನು ಕಿವಿಗಿಟ್ಟುಕೊಂಡೇ ಬಿಸ್ಕತ್ತಿನ ಡಬ್ಬಿ ತೆರೆದೆ. ಕೇಬಲ್ ಇತ್ತು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ. ಹೆಂಡತಿ ಎದುರಿಗೇ ನಿಂತಿದ್ದಳು. ಮುಚ್ಚಳ ಸದ್ದಾಗದಂತೆ ಮುಚ್ಚಿದೆ.

“ಕೇಬಲ್ಲಿಂದಲ್ಲ ಕಣಯ್ಯ” ಎಂದೆ. “ನೀನು ಮೆಲ್ಲಗೆ ಸಿಕ್ಕಿಸ್ತಿದ್ದೀಯ. ತೆಗೆದು ರಪ್ಪನೆ ತುರುಕು ನೋಡೋಣ.”

ಆ ಕಡೆಯಿಂದ ಟಪ್, ಟಪ್ ಎಂದು ಸದ್ದು ಕೇಳಿಸಿತು.

“ಇನ್ನೂ ಜೋರಾಗಿ” ಎಂದೆ.